ಉಸಿರಿಗೆ ಜಾಗ ಬಿಟ್ಟು ಎದೆ ಬಿಗಿಯೋದು ಹೇಗೆ: ಮೈಸೂರು, ಮಂಡ್ಯ ಕಡೆಯ ಟ್ರಾನ್ಸ್ ಪುರುಷರಿಗೆ ಸಮಗ್ರ ಮಾರ್ಗದರ್ಶಿ

ಬೈಂಡರ್ (ಎದೆ ಚಪ್ಪಟೆಯಾಗಿ ಕಾಣೋ ಹಾಗೆ ಬಿಗಿಯುವ ಒಳ ಉಡುಪು) ಕೊಳ್ಳುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ: ಅದನ್ನು ಎಲ್ಲಿ ಬಿಚ್ಚುತ್ತೀರಿ? ಹಾಕಿಕೊಳ್ಳೋಕೆ ಜಾಗ ಹೇಗೋ ಸಿಗುತ್ತದೆ. ಬೆಳಿಗ್ಗೆ ಬಚ್ಚಲುಮನೆ ಬಾಗಿಲು ಹಾಕಿಕೊಂಡರೆ ಆಯ್ತು. ಬಿಚ್ಚೋಕೆ ಜಾಗ ಸಿಗದೆ ಹನ್ನೆರಡು, ಹದಿನಾಲ್ಕು ಗಂಟೆ ಅದರಲ್ಲೇ ಉಳಿದುಬಿಡುತ್ತೇವೆ. ಬೆನ್ನುನೋವು, ಪಕ್ಕೆನೋವು, ಚರ್ಮದ ಕಾಟ ಎಲ್ಲ ಶುರುವಾಗೋದು ಹೆಚ್ಚಾಗಿ ಅಲ್ಲಿಂದಲೇ. ಒಂಟಿಯಾಗಿ ಫ್ಲಾಟಿನಲ್ಲಿ ಇರುವವರಿಗೆ ಬರೆದ ಸಲಹೆಗಳು ನಮಗೆ ಪೂರ್ತಿ ಹೊಂದೋದಿಲ್ಲ. ಇಲ್ಲಿ ಕೂಡು ಕುಟುಂಬ, ಮೂರು ಜನ ಹಂಚಿಕೊಂಡ ಪಿಜಿ ರೂಮು, ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಟ. ಹಾಗಾಗಿ ಈ ಬರಹ ಅಂಗಡಿಯಿಂದ ಶುರುವಾಗೋದಿಲ್ಲ, ನಿಮ್ಮ ದಿನಚರಿಯಿಂದ ಶುರುವಾಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎದೆ ಹಲಗೆ ಥರ ಚಪ್ಪಟೆ ಆಗಲೇಬೇಕು ಅಂತ ಹಟ ಹಿಡಿದರೆ ಯಾವ ಬೈಂಡರೂ ಸಾಲೋದಿಲ್ಲ. ಗಂಡಸರ ಎದೆಯೂ ಹಲಗೆ ಥರ ಇರೋದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸುಮ್ನೆ ಹತ್ತು ನಿಮಿಷ ನಿಂತು ನೋಡಿ, ಗೊತ್ತಾಗುತ್ತದೆ. ಅಂಗಿ ಹಾಕಿದ ಮೇಲೆ ಎರಡು ಉಬ್ಬು ಬೇರೆ ಬೇರೆಯಾಗಿ ಕಾಣದಿದ್ದರೆ ನೋಡುವವರ ಕಣ್ಣಿಗೆ ಅಷ್ಟೇ ಸಾಕು.

ಮೊದಲು ಗಂಟೆಗಳ ಲೆಕ್ಕ

ಎಲ್ಲರೂ ಹೇಳುವ ಮಿತಿ ದಿನಕ್ಕೆ 8 ಗಂಟೆ. ಅದು ಗುರಿ ಅಲ್ಲ, ಮೇಲಿನ ಗೆರೆ. 5 ಗಂಟೆಯಲ್ಲಿ ಕೆಲಸ ಮುಗಿಯುತ್ತದಾದರೆ ಅಷ್ಟಕ್ಕೇ ಬಿಚ್ಚಿ. ರಾತ್ರಿ ಮಲಗುವಾಗ ಬೇಡವೇ ಬೇಡ. ಮಧ್ಯಾಹ್ನದ ಸಣ್ಣ ನಿದ್ದೆಗೂ ಬೇಡ.

ಗಂಟೆಗಿಂತ ಜಾಸ್ತಿ ಜನ ಮರೆಯೋದು ವಾರದ ಲೆಕ್ಕ. ಬೈಂಡಿಂಗ್ ಮಾಡುವ 1,800 ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇಕಡಾ 97ರಷ್ಟು ಜನ ಒಂದಾದರೂ ತೊಂದರೆ ಆಗಿದೆ ಅಂದರು. ಬೆನ್ನುನೋವು, ಮೈ ಬಿಸಿಯೇರೋದು, ಎದೆನೋವು, ಉಸಿರು ಸಾಲದಿರೋದು ಎಲ್ಲಕ್ಕಿಂತ ಮುಂದಿದ್ದವು. ವಾರಕ್ಕೆ ಹೆಚ್ಚು ದಿನ ಬಿಗಿಯುವವರಿಗೆ ತೊಂದರೆಯೂ ಹೆಚ್ಚು ಅನ್ನೋದು ಅಲ್ಲಿ ಎದ್ದು ಕಂಡಿತು. ಬೈಂಡಿಂಗ್‌ನಿಂದ ಮನಸ್ಸಿಗೆ ನೆಮ್ಮದಿ ಸಿಕ್ಕಿದೆ, ಧೈರ್ಯವಾಗಿ ಹೊರಗೆ ಹೋಗೋಕೆ ಆಗಿದೆ ಅಂತಲೂ ಅದೇ ಜನ ಹೇಳಿದರು. ಎರಡೂ ನಿಜ. ಅದಕ್ಕೇ ಬಿಟ್ಟುಬಿಡಿ ಅಂತ ನಾನು ಹೇಳೋದಿಲ್ಲ. ವಾರಕ್ಕೆ ಒಂದೆರಡು ದಿನ ಎದೆಗೆ ರಜೆ ಕೊಡಿ ಅನ್ನುತ್ತೇನೆ.

ಈಗ ಒಂದು ದಿನ ತೆಗೆದುಕೊಳ್ಳೋಣ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ದಾರಿ ಸುಮಾರು 45 ಕಿಲೋಮೀಟರ್. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ವಾಪಸ್ ಬರೋದು ರಾತ್ರಿ ಏಳೂವರೆಗೆ. ಬಚ್ಚಲುಮನೆಯಲ್ಲಿ ಹಾಕಿಕೊಂಡು ಹೊರಟರೆ ಆಗಲೇ 12 ಗಂಟೆ. ಇದನ್ನು ಹೀಗೆ ಮುರಿಯಬಹುದು: ರೈಲಿನಲ್ಲಿ ಬರುವಾಗ ಒಳಗೆ ಸಾಧಾರಣ ಸ್ಪೋರ್ಟ್ಸ್ ಬ್ರಾ, ಮೇಲೆ ದೊಗಲೆ ಅಂಗಿ, ಬ್ಯಾಗು ಬೆನ್ನಿಗಲ್ಲ, ಎದೆಗೆ. ನಮ್ಮ ಕಡೆ ರಶ್ ಇರುವ ರೈಲಿನಲ್ಲಿ ಪರ್ಸು, ಮೊಬೈಲಿನ ಭಯಕ್ಕೆ ಅರ್ಧ ಜನ ಬ್ಯಾಗನ್ನು ಮುಂದೆಯೇ ಹಾಕಿಕೊಂಡಿರುತ್ತಾರೆ, ಯಾರೂ ತಿರುಗಿ ನೋಡೋದಿಲ್ಲ. ಮೈಸೂರಿಗೆ ಬಂದು ಒಂಬತ್ತೂವರೆಗೆ ಬೈಂಡರ್ ಹಾಕಿ, ಸಂಜೆ ಹೊರಡುವ ಮುಂಚೆ ಐದೂವರೆಗೆ ಬಿಚ್ಚಿದರೆ ಸರಿಯಾಗಿ 8 ಗಂಟೆ. ಮಧ್ಯಾಹ್ನ ಊಟದ ಹೊತ್ತಿಗೆ ಕಾಲು ಗಂಟೆ ಬಿಚ್ಚೋಕೆ ಆದರೆ ಇನ್ನೂ ಒಳ್ಳೇದು. ಹೊಟ್ಟೆ ತುಂಬಿದಾಗ ಬಿಗಿ ಇನ್ನಷ್ಟು ಒತ್ತುತ್ತದೆ, ಹುಳಿತೇಗು ಬರುತ್ತದೆ.

ಬದಲಾಯಿಸೋಕೆ ಜಾಗ? ಸಾಲಾಗಿ ಇರುವ ಟಾಯ್ಲೆಟ್‌ಗಿಂತ ಒಂದೇ ಬಾಗಿಲಿನ, ಒಳಗಿಂದ ಚಿಲಕ ಹಾಕುವ ಟಾಯ್ಲೆಟ್ ಹುಡುಕಿ. ಆಫೀಸು, ಕಾಲೇಜು, ದೊಡ್ಡ ಅಂಗಡಿಗಳಲ್ಲಿ ವೀಲ್‌ಚೇರ್‌ನವರಿಗೆ ಮಾಡಿಸಿರುವ ದೊಡ್ಡ ಟಾಯ್ಲೆಟ್ ಇದ್ದರೆ ಅಲ್ಲಿ ಕೈ ಎತ್ತೋಕೆ ಜಾಗವೂ ಇರುತ್ತದೆ, ಬಟ್ಟೆ ನೇತುಹಾಕೋಕೆ ಕಂಬಿಯೂ ಇರುತ್ತದೆ. ಬೇಗ ಮುಗಿಸಿ ಬನ್ನಿ, ಅದರ ಅಗತ್ಯ ಇರುವವರು ಹೊರಗೆ ಕಾಯಬಾರದು. ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ರೂಮು ಮಾಡಿಕೊಂಡಿರುವ ನಂಬಿಕೆಯ ಗೆಳೆಯ ಇದ್ದರೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ.

ಬದಲಾಯಿಸೋಕೆ ಎಲ್ಲೂ ಆಗೋದೇ ಇಲ್ಲ ಅಂದರೆ, ಅವತ್ತು ಗಟ್ಟಿ ಬೈಂಡರ್ ಹಾಕಬೇಡಿ. ಇಡೀ ದಿನ ತಡೆಯುವ ಹಗುರದ ದಾರಿ ಹಿಡಿಯಿರಿ. ಅವು ಮುಂದೆ ಬರುತ್ತವೆ.

ಇವನ್ನು ಮಾತ್ರ ಮುಟ್ಟಬೇಡಿ

ಕ್ರೇಪ್ ಬ್ಯಾಂಡೇಜ್. ಯಾವ ಮೆಡಿಕಲ್ ಸ್ಟೋರಿನಲ್ಲಾದರೂ ಸಿಗುತ್ತದೆ, ಅಗ್ಗ, ಯಾರೂ ಪ್ರಶ್ನೆ ಕೇಳೋದಿಲ್ಲ. ಅದಕ್ಕೇ ಬಹಳ ಜನ ಅಲ್ಲಿಂದಲೇ ಶುರುಮಾಡುತ್ತಾರೆ. ಅದನ್ನು ಮಾಡಿರೋದು ಉಳುಕಿದ ಕಾಲಿಗೆ, ಊತ ಇಳಿಸೋಕೆ. ಎದೆ ಒಂದೇ ಸಮ ಹಿಗ್ಗಿ ಕುಗ್ಗುತ್ತಿರುತ್ತದೆ. ಸುತ್ತಿದ ಬ್ಯಾಂಡೇಜ್ ಪ್ರತಿ ಉಸಿರಿಗೂ ಒಳಗೆ ಎಳೆಯುತ್ತಲೇ ಇರುತ್ತದೆ. ಸುರುಳಿ ಜಾರಿ ಒಂದು ಕಡೆ ಹಗ್ಗದ ಹಾಗೆ ಕೂರುತ್ತದೆ. ಪಕ್ಕೆಲುಬಿಗೆ ಪೆಟ್ಟಾಗುವ ಅಪಾಯ ಇದರಲ್ಲಿ ಜಾಸ್ತಿ.

ಪ್ಯಾಕಿಂಗ್ ಟೇಪು, ಸೆಲ್ಲೋ ಟೇಪು, ಡಕ್ಟ್ ಟೇಪು ಯಾವುದೂ ಮೈಗೆ ಅಲ್ಲ. ಬಿಚ್ಚುವಾಗ ಚರ್ಮವೇ ಕಿತ್ತು ಬರುತ್ತದೆ. ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ, ಬಿಗಿಯಾಗಿ ಸುತ್ತಿದ ವೇಲು, ಸೀರೆಯಿಂದ ಹರಿದ ಪಟ್ಟಿ, ಹೊಟ್ಟೆ ಕರಗಿಸುವ ಬೆಲ್ಟು, ಸೊಂಟದ ಬೆಲ್ಟು ಇವೂ ಬೇಡ. ಬೈಂಡರ್ ಮೇಲೆ ಇನ್ನೊಂದು ಬೈಂಡರ್ ಹಾಕೋದಂತೂ ಬೇಡವೇ ಬೇಡ.

ನಿಮಗೆ ಯಾವುದು ಹೊಂದುತ್ತದೆ

ಹಗುರದಿಂದ ಗಟ್ಟಿಯ ಕಡೆಗೆ ಹೋಗೋಣ. ಮೊದಲನೆಯದರಲ್ಲೇ ಕೆಲಸ ಆದರೆ ಮುಂದಕ್ಕೆ ಹೋಗುವ ಅಗತ್ಯವೇ ಇಲ್ಲ.

ಬರೀ ಬಟ್ಟೆ. ಇದನ್ನು ತಾತ್ಸಾರ ಮಾಡಬೇಡಿ. ಎದೆ ಸಣ್ಣದಿದ್ದರೆ ದಪ್ಪ ಹತ್ತಿ ಬನಿಯನ್, ಅದರ ಮೇಲೆ ಟೀ ಶರ್ಟು, ಅದರ ಮೇಲೆ ಗುಂಡಿ ಬಿಟ್ಟ ಚೆಕ್ಸ್ ಅಂಗಿ ಸಾಕು. ಕಡು ಬಣ್ಣ, ಸಣ್ಣ ಚೆಕ್ಸ್, ಎದೆಯ ಎರಡೂ ಕಡೆ ಜೇಬು ಇರುವ ಅಂಗಿ ಉಬ್ಬನ್ನು ಮರೆಸುತ್ತವೆ. ಬಿಳಿ ಬಣ್ಣ, ತೆಳು ಸಿಂಥೆಟಿಕ್, ಮೈಗಂಟುವ ಟೀ ಶರ್ಟು ಎಲ್ಲವನ್ನೂ ತೋರಿಸಿಬಿಡುತ್ತವೆ. ಭುಜದ ಹೊಲಿಗೆ ಸರಿಯಾಗಿ ಭುಜದ ಮೇಲೆ ಕೂರಬೇಕು. ಮುಚ್ಚಿಕೊಳ್ಳೋಕೆ ಅಂತ ಎರಡು ಸೈಜು ದೊಡ್ಡ ಅಂಗಿ ಹಾಕಿದರೆ ಅದು ಎದೆಯ ಮೇಲಿಂದ ಡೇರೆ ಥರ ಇಳಿಬಿದ್ದು ಇನ್ನೂ ಎದ್ದು ಕಾಣುತ್ತದೆ. ಗೂನು ಹಾಕಿಕೊಂಡು ನಡೆಯೋದು ನಮ್ಮಲ್ಲಿ ಬಹಳ ಜನರಿಗೆ ಅಭ್ಯಾಸ. ಅದರಿಂದ ಎದೆ ಮರೆಯಾಗೋದು ಸ್ವಲ್ಪ, ಕತ್ತು ಬೆನ್ನು ನೋಯೋದು ಪೂರ್ತಿ.

ಸ್ಪೋರ್ಟ್ಸ್ ಬ್ರಾ. ಕಪ್ಪು ಅಥವಾ ಬೂದು ಬಣ್ಣದ್ದು, ಪ್ಯಾಡ್ ಇಲ್ಲದ್ದು, 'ಹೈ ಇಂಪ್ಯಾಕ್ಟ್' ಅಂತ ಬರೆದಿರೋದು ನೋಡಿ. ಪ್ಯಾಡ್ ಇದ್ದರೆ ಒಳಗಿನಿಂದ ತೆಗೆದುಬಿಡಿ. ಮನೆಯಲ್ಲಿ ಯಾರಾದರೂ ನೋಡಿದರೂ ವಿವರಣೆ ಕೊಡಬೇಕಾಗಿಲ್ಲ, ಹಗ್ಗದ ಮೇಲೆ ಒಣಹಾಕಬಹುದು, ಯಾವ ಬಟ್ಟೆ ಅಂಗಡಿಯಲ್ಲಾದರೂ ಸಿಗುತ್ತದೆ. ಓಡೋಕೆ, ಜಿಮ್‌ಗೆ, ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್‌ಗೆ ಇದೇ ಸರಿ. ಶುರುಮಾಡುವವರಿಗೆ ನನ್ನ ಓಟು ಇದಕ್ಕೇ. ಹಾಗಂತ ನಿಮ್ಮ ಸೈಜಿಗಿಂತ ಸಣ್ಣದು ಕೊಂಡರೆ ಇದೂ ಕೆಟ್ಟ ಬೈಂಡರ್ ಆಗುತ್ತದೆ ಅಷ್ಟೇ.

ಗಂಡಸರ ಕಂಪ್ರೆಷನ್ ಬನಿಯನ್. ಕೆಲವು ಗಂಡಸರಿಗೆ ಎದೆ ಬೆಳೆಯುತ್ತದೆ, ಅದಕ್ಕೆ ಗೈನಕೊಮಾಸ್ಟಿಯಾ ಅನ್ನುತ್ತಾರೆ. ಅವರಿಗೆ ಅಂತಲೇ ಬಿಗಿ ಬನಿಯನ್ ಆನ್‌ಲೈನ್‌ನಲ್ಲಿ ಮಾರುತ್ತಾರೆ. ನಮ್ಮ ಕಡೆ ಇದರ ದೊಡ್ಡ ಲಾಭ ಅಂದರೆ ಡಬ್ಬದ ಮೇಲೆ ಗಂಡಸಿನ ಚಿತ್ರ, ಒಳಗೆ ಬನಿಯನ್. ಪಾರ್ಸೆಲ್ಲನ್ನು ಅಮ್ಮ ಬಿಚ್ಚಿದರೂ ಬಿರುಗಾಳಿ ಏಳೋದಿಲ್ಲ. ಬಿಗಿ ಸಾಧಾರಣ, ಉದ್ದ ಸೊಂಟದವರೆಗೆ. ಮಧ್ಯಮ ಗಾತ್ರದ ಎದೆಗೆ ಸಾಕಾಗುತ್ತದೆ. ಕೆಳಗಿನ ಅಂಚು ಸುರುಳಿ ಸುತ್ತಿಕೊಂಡು ಹೊಟ್ಟೆ ಒತ್ತಬಾರದು, ಅದೊಂದು ನೋಡಿಕೊಳ್ಳಿ.

ಬೈಂಡರ್. ಮುಂದುಗಡೆ ಹಿಗ್ಗದ ಬಟ್ಟೆ, ಹಿಂದುಗಡೆ ಹಿಗ್ಗುವ ಜಾಲರಿ ಬಟ್ಟೆ. ಒತ್ತಡ ಎದೆಯ ಅಗಲಕ್ಕೆಲ್ಲ ಹಂಚಿಹೋಗುತ್ತದೆ, ಉಸಿರಾಡಿದಾಗ ಬೆನ್ನಿನ ಕಡೆ ಹಿಗ್ಗುತ್ತದೆ. ಎದೆಯ ಕೆಳಗೆ ನಿಲ್ಲುವ ಅರ್ಧ ಬೈಂಡರ್ ಇದೆ, ಸೊಂಟದವರೆಗಿನ ಪೂರ್ತಿ ಬೈಂಡರ್ ಇದೆ. ಮೈಸೂರಿನ ಬೇಸಿಗೆಗೆ ಅರ್ಧದ್ದೇ ವಾಸಿ. ಮುಂದೆ ಜಿಪ್ ಅಥವಾ ಪಕ್ಕದಲ್ಲಿ ಹುಕ್ ಇರುವುದು ಸ್ವಲ್ಪ ಉಬ್ಬಿ ಕಾಣಬಹುದು. ಆದರೆ ಟಾಯ್ಲೆಟ್‌ನಲ್ಲಿ ಎರಡೇ ನಿಮಿಷದಲ್ಲಿ ಬಿಚ್ಚಬಹುದು. ಅಸ್ತಮಾ ಇದ್ದು ಡಾಕ್ಟರ್ ಒಪ್ಪಿದವರಿಗೆ, ಭುಜ ನೋಯುವವರಿಗೆ ಇದೇ ಸರಿ. ಜಿಪ್ ಹಿಂದೆ ಒಂದು ಪಟ್ಟಿ ಬಟ್ಟೆ ಇರಲೇಬೇಕು, ಇಲ್ಲದಿದ್ದರೆ ಚರ್ಮ ಸಿಕ್ಕಿಹಾಕಿಕೊಳ್ಳುತ್ತದೆ. ದುಡ್ಡು ಕೊಟ್ಟು ಕೊಂಡ ಬೈಂಡರ್ ತಾನಾಗಿಯೇ ಸೇಫ್ ಅಂತ ಅಂದುಕೊಳ್ಳಬೇಡಿ. ಸೈಜು, ಗಂಟೆ ತಪ್ಪಿದರೆ ಅದೂ ನೋಯಿಸುತ್ತದೆ.

ಮೈಗೆ ಅಂಟಿಸುವ ಟೇಪ್. ಆಟಗಾರರು ಮಂಡಿಗೆ, ಭುಜಕ್ಕೆ ಅಂಟಿಸಿಕೊಳ್ಳುತ್ತಾರಲ್ಲ, ಆ ಕಿನೀಸಿಯಾಲಜಿ ಟೇಪ್. ಸಾಮಾನ್ಯವಾಗಿ 5 ಸೆಂಟಿಮೀಟರ್ ಅಗಲ, 5 ಮೀಟರ್ ಉದ್ದದ ಸುರುಳಿ ಬರುತ್ತದೆ. ಸಣ್ಣ ಎದೆಗೆ ಚೆನ್ನಾಗಿ ಹೊಂದುತ್ತದೆ. ಪಕ್ಕೆಲುಬನ್ನು ಒತ್ತೋದಿಲ್ಲ ಅನ್ನೋದು ಇದರ ದೊಡ್ಡ ಗುಣ. ಸೂಕ್ಷ್ಮ ಚರ್ಮದವರಿಗೆ ಆಗೋದಿಲ್ಲ. ಮೊದಲು ಎರಡು ಇಂಚಿನ ತುಂಡನ್ನು ಪಕ್ಕೆಯ ಮೇಲೆ ಅಂಟಿಸಿ 24 ಗಂಟೆ ಬಿಡಿ. ಕೆಂಪಾದರೆ, ಕೆರೆತ ಬಂದರೆ ಅಲ್ಲಿಗೇ ನಿಲ್ಲಿಸಿ.

ಅಂಟಿಸೋದು ಹೀಗೆ. ಎಣ್ಣೆ, ಪೌಡರ್ ಇಲ್ಲದ ಒಣ ಚರ್ಮ ಇರಬೇಕು. ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿ. ತೊಟ್ಟಿನ ಮೇಲೆ ಸಣ್ಣ ಹತ್ತಿ ಬಟ್ಟೆ ತುಂಡು ಇಡಿ, ಟೇಪು ನೇರವಾಗಿ ಅಲ್ಲಿ ಅಂಟಬಾರದು. ಟೇಪಿನ ಮೊದಲ ಎರಡು ಇಂಚನ್ನು ಎಳೆಯದೆ ಎದೆಯ ಮೇಲೆ ಅಂಟಿಸಿ. ಇನ್ನೊಂದು ಕೈಯಲ್ಲಿ ಎದೆಯನ್ನು ಕಂಕುಳಿನ ಕಡೆ ಸರಿಸಿ ಹಿಡಿದುಕೊಂಡು, ಟೇಪನ್ನು ಸ್ವಲ್ಪವೇ ಎಳೆದು ಪಕ್ಕೆಯ ಕಡೆಗೆ ತನ್ನಿ. ಕೊನೆಯ ಎರಡು ಇಂಚನ್ನು ಮತ್ತೆ ಎಳೆಯದೆ ಅಂಟಿಸಿ. ತುದಿಗಳನ್ನು ಎಳೆದು ಅಂಟಿಸಿದರೆ ಅಲ್ಲಿ ಬೊಬ್ಬೆ ಬರುತ್ತದೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಬೆನ್ನಿನ ಸುತ್ತ ಒಂದು ಸುತ್ತು ಯಾವತ್ತೂ ಹಾಕಬೇಡಿ. ಐದು ದಿನ ಇಡಬಹುದು ಅಂತ ಕೆಲವರು ಹೇಳುತ್ತಾರೆ. ನಮ್ಮ ಬೆವರಿಗೆ ಮೂರು ದಿನ ಸಾಕು ಅನ್ನೋದು ನನ್ನ ಲೆಕ್ಕ. ತೆಗೆಯುವಾಗ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ ಕಾಲು ಗಂಟೆ ಬಿಟ್ಟು, ಚರ್ಮವನ್ನು ಬೆರಳಲ್ಲಿ ಒತ್ತಿಹಿಡಿದು ನಿಧಾನಕ್ಕೆ ಸುಲಿಯಿರಿ. ಆಮೇಲೆ ಚರ್ಮಕ್ಕೆ ಒಂದೆರಡು ದಿನ ಬಿಡುವು ಕೊಡಿ.

ಟೈಲರ್ ಹತ್ತಿರ ಹೊಲಿಸೋದಾದರೆ

ಆನ್‌ಲೈನ್ ಬೇಡ, ದುಡ್ಡೂ ಕಮ್ಮಿ ಅನ್ನುವವರಿಗೆ ಇದು ಒಳ್ಳೆಯ ದಾರಿ. ಹಳೆಯ ಗಟ್ಟಿ ಬನಿಯನ್ ಒಂದನ್ನು ಅಳತೆಗೆ ತೆಗೆದುಕೊಂಡು ಹೋಗಿ. ಮುಂದಕ್ಕೆ ಎರಡು ಪದರ ಹತ್ತಿ ಪಾಪ್ಲಿನ್, ಹಿಂದಕ್ಕೆ ಹಿಗ್ಗುವ ಲೈಕ್ರಾ ಅಥವಾ ಪವರ್ ನೆಟ್ ಬಟ್ಟೆ ಕೊಡಿ. ತೋಳಿನ ಸುತ್ತು ಅಗಲವಾಗಿರಲಿ, ಕಂಕುಳಲ್ಲಿ ಕೊರೆಯಬಾರದು. ಮುಖ್ಯವಾಗಿ ಎರಡೂ ಪಕ್ಕದ ಹೊಲಿಗೆಯಲ್ಲಿ ಒಳಗೆ ಬಟ್ಟೆ ಬಿಡಿಸಿ.

ಮೊದಲ ಟ್ರಯಲ್ ಸಡಿಲವಾಗಿಯೇ ಇರಲಿ. ಆಮೇಲೆ ಎರಡೂ ಪಕ್ಕದಲ್ಲಿ ಸಮನಾಗಿ, ಒಂದು ಸಲಕ್ಕೆ ಕಾಲು ಇಂಚಿನಂತೆ ಹಿಡಿಸಿ. ಪ್ರತಿ ಸಲ ಹಾಕಿಕೊಂಡು ಒಂದು ದೊಡ್ಡ ಉಸಿರು ಎಳೆಯಿರಿ, ಕೂತು ಏಳಿ, ನೆಲದ ಮೇಲೆ ಬಿದ್ದ ಸೂಜಿ ಎತ್ತುವ ಹಾಗೆ ಬಗ್ಗಿ. ಯಾವುದರಲ್ಲಾದರೂ ಉಸಿರು ಅರ್ಧಕ್ಕೆ ನಿಂತರೆ ಹಿಂದಿನ ಹೊಲಿಗೆಗೆ ವಾಪಸ್ ಹೋಗಿ. ಅಂಚಿನ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು.

ಟೈಲರ್ ಯಾಕೆ ಅಂತ ಕೇಳಿದರೆ? 'ನಾಟಕಕ್ಕೆ ಅಣ್ಣ, ಗಂಡುಪಾತ್ರ' ಅನ್ನಿ. ರಂಗಾಯಣ ಇರುವ ಊರು ಇದು, ನಾಟಕ ಅಂದರೆ ಎರಡನೇ ಪ್ರಶ್ನೆ ಬರೋದು ಕಷ್ಟ.

ಅಳತೆ

ಅಳತೆ ಟೇಪನ್ನು ಬರೀ ಮೈಮೇಲೆ ಅಥವಾ ತೆಳು ಬನಿಯನ್ ಮೇಲೆ ಇಡಿ. ಎದೆ ಅತಿ ದಪ್ಪ ಇರುವಲ್ಲಿ ಒಂದು ಸುತ್ತು, ಎದೆಯ ಮಡಿಕೆಯ ಕೆಳಗೆ ಒಂದು ಸುತ್ತು, ಒಂದು ಭುಜದ ತುದಿಯಿಂದ ಇನ್ನೊಂದಕ್ಕೆ. ಟೇಪು ಬೆನ್ನಿನಲ್ಲಿ ಕೆಳಗೆ ಜಾರಿರಬಾರದು, ಕನ್ನಡಿಯಲ್ಲಿ ನೋಡಿಕೊಳ್ಳಿ. ಸಾಮಾನ್ಯವಾಗಿ ಉಸಿರಾಡುತ್ತಾ ಅಳೆಯಿರಿ, ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಮುಟ್ಟು ಇನ್ನೂ ಬರುತ್ತಿದ್ದರೆ ಅದಕ್ಕೆ ಮುಂಚಿನ ವಾರ ಎದೆ ಊದಿಕೊಳ್ಳುತ್ತದೆ. ಆ ವಾರದ ಅಳತೆಗೆ ಹೊಂದುವಂತೆ ಕೊಂಡರೆ ತಿಂಗಳೆಲ್ಲ ಕ್ಷೇಮ.

ಪ್ರತಿ ಕಂಪನಿಯ ಚಾರ್ಟ್ ಬೇರೆ. ಅಂಗಿಯ ಸೈಜು ಇಲ್ಲಿ ಲೆಕ್ಕಕ್ಕಿಲ್ಲ. ಎರಡು ಸೈಜಿನ ಮಧ್ಯೆ ಬಿದ್ದರೆ ದೊಡ್ಡದನ್ನು ತೆಗೆದುಕೊಳ್ಳಿ.

ಹಾಕೋದು, ಬಿಚ್ಚೋದು, ಮೊದಲ ದಿನಗಳು

ಮೊದಲ ಸಲ ಎಲ್ಲೂ ಹೋಗೋಕಿಲ್ಲದ ದಿನ ಹಾಕಿ. ಒಂದು ಗಂಟೆ, ಜಾಸ್ತಿ ಅಂದರೆ ಎರಡು. ಹಾಕಿಕೊಂಡು ಒಂದು ಮಹಡಿ ಹತ್ತಿ ಇಳಿಯಿರಿ, ಫೋನಿನಲ್ಲಿ ಯಾರ ಜೊತೆಗಾದರೂ ಐದು ನಿಮಿಷ ಮಾತಾಡಿ. ವಾಕ್ಯದ ಮಧ್ಯೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ಸೈಜು ತಪ್ಪಿದೆ. ಚೆನ್ನಾಗಿದೆ ಅನ್ನಿಸಿದರೆ ಕೆಲವು ದಿನಕ್ಕೊಮ್ಮೆ ಅರ್ಧ ಗಂಟೆ, ಒಂದು ಗಂಟೆ ಹೆಚ್ಚಿಸುತ್ತಾ ಹೋಗಿ.

ಅರ್ಧ ಬೈಂಡರನ್ನು ತಲೆಯ ಮೇಲಿಂದ ತೂರಿಸೋದು ಹೊಸಬರಿಗೆ ಕುಸ್ತಿ. ಅದನ್ನು ಒಳಮೈ ಹೊರಗೆ ಮಾಡಿ, ತಲೆಕೆಳಗು ಹಿಡಿದು, ಕಾಲಿನಿಂದ ಸೊಂಟದವರೆಗೆ ಏರಿಸಿ. ಆಮೇಲೆ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಮಗುಚಿ ಕೈ ತೂರಿಸಿ. ಸೊಂಟ ದಪ್ಪ ಇರುವವರಿಗೆ ತಲೆಯಿಂದಲೇ ಸುಲಭ. ಮೈ ಒದ್ದೆ ಇದ್ದರೆ ಯಾವ ದಾರಿಯೂ ಸುಲಭ ಅಲ್ಲ, ಸ್ನಾನ ಆದ ಮೇಲೆ ಫ್ಯಾನ್ ಕೆಳಗೆ ಐದು ನಿಮಿಷ ನಿಲ್ಲಿ.

ಹಾಕಿದ ಮೇಲೆ ಕೈ ಒಳಗೆ ಹಾಕಿ ಎದೆಯನ್ನು ಸರಿಮಾಡಬೇಕು. ಸ್ವಲ್ಪ ಕೆಳಕ್ಕೆ, ಸ್ವಲ್ಪ ಹೊರಕ್ಕೆ, ಕಂಕುಳಿನ ಕಡೆ. ಮಧ್ಯಕ್ಕೆ ತಂದರೆ ಒಂದೇ ಗುಡ್ಡ ಆಗುತ್ತದೆ. ಮೇಲಕ್ಕೆ ಒತ್ತಿದರೆ ಕತ್ತಿನ ಹತ್ತಿರ ಉಬ್ಬುತ್ತದೆ. ಚರ್ಮ ಎಲ್ಲೂ ಮಡಚಿಕೊಂಡಿರಬಾರದು.

ಬಿಚ್ಚಿದ ಮೇಲೆ ತಕ್ಷಣ ಹಾಸಿಗೆಗೆ ಬೀಳಬೇಡಿ. ನಾಲ್ಕೈದು ಸಲ ಹೊಟ್ಟೆಯವರೆಗೆ ಉಸಿರೆಳೆದು, ಎರಡು ಸಲ ಚೆನ್ನಾಗಿ ಕೆಮ್ಮಿ. ದಿನವೆಲ್ಲ ಮೇಲುಸಿರಿನಲ್ಲೇ ಇದ್ದ ಶ್ವಾಸಕೋಶ ಆಗ ತೆರೆದುಕೊಳ್ಳುತ್ತದೆ, ಕಫ ಇದ್ದರೆ ಸಡಿಲವಾಗುತ್ತದೆ. ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈ ಒತ್ತಿ ಎದೆಯನ್ನು ಮುಂದಕ್ಕೆ ತಂದು ಅರ್ಧ ನಿಮಿಷ ನಿಲ್ಲಿ, ಆಮೇಲೆ ಭುಜವನ್ನು ಹಿಂದಕ್ಕೆ ತಿರುಗಿಸಿ. ಚರ್ಮದ ಮೇಲೆ ಬಟ್ಟೆಯ ಗುರುತು ಇರೋದು ಸಹಜ, ಸ್ವಲ್ಪ ಹೊತ್ತಿಗೆ ಮಾಯವಾಗಬೇಕು. ಮಾರನೆ ಬೆಳಿಗ್ಗೆಯೂ ಗೆರೆ ಕಂಡರೆ, ನೋವಿದ್ದರೆ ಆ ಬೈಂಡರ್ ನಿಮಗೆ ಅಲ್ಲ.

ಬೆಟ್ಟದ ಮೆಟ್ಟಿಲು ಹತ್ತುವಾಗ, ಕ್ರಿಕೆಟ್ ಆಡುವಾಗ, ಕಬ್ಬಿನ ಗದ್ದೆ ಕೆಲಸ ಮಾಡುವಾಗ ಬೈಂಡರ್ ಬೇಡ. ಆಗ ಉಸಿರು ಪೂರ್ತಿ ಬೇಕು, ಜೊತೆಗೆ ಬಿಸಿಲು ಬೇರೆ. ದಸರಾ ಮೆರವಣಿಗೆ ನೋಡೋಕೆ ಬೆಳಿಗ್ಗೆಯೇ ಹೋಗಿ ಜಾಗ ಹಿಡಿಯುವವರೂ ಅವತ್ತು ಬನಿಯನ್, ದೊಗಲೆ ಜುಬ್ಬದಲ್ಲೇ ಹೋಗಿ. ಆ ಜನಜಂಗುಳಿಯಲ್ಲಿ ಉಸಿರುಕಟ್ಟಿದರೆ ಹೊರಬರೋಕೇ ಅರ್ಧ ಗಂಟೆ ಬೇಕು. ನಾಲೆಯಲ್ಲಿ, ಬಾವಿಯಲ್ಲಿ ಈಜುವಾಗಲೂ ಗಟ್ಟಿ ಬೈಂಡರ್ ಹಾಕಬೇಡಿ.

ಬೆವರು, ಚರ್ಮ, ಒಗೆತ

ಮಾರ್ಚಿನಿಂದ ಮೇ ತನಕ ನಮ್ಮ ಶತ್ರು ಬೆವರು. ಬೈಂಡರ್ ಒಳಗೆ ತೆಳುವಾದ ಹತ್ತಿ ಬನಿಯನ್ ಹಾಕಿದರೆ ಬೆವರು ಹೀರುತ್ತದೆ. ಸುಕ್ಕಿಲ್ಲದಂತೆ ಕೂರಬೇಕು ಅಷ್ಟೇ. ನೀರು ಕುಡಿಯೋದು ಕಡಿಮೆ ಮಾಡಬೇಡಿ. ಹೊರಗಿನ ಟಾಯ್ಲೆಟ್ಟಿನ ತಲೆನೋವಿಗೆ ನೀರನ್ನೇ ಬಿಡುವವರು ನಮ್ಮಲ್ಲಿ ಬಹಳ ಜನ. ಬಿಗಿ ಬಟ್ಟೆ, ಸೆಕೆ, ಖಾಲಿ ಹೊಟ್ಟೆ ಸೇರಿದರೆ ತಲೆ ಸುತ್ತೋದು ಗ್ಯಾರಂಟಿ.

ಎದೆಯ ಕೆಳಗಿನ ಮಡಿಕೆಯನ್ನು ದಿನಾ ತೊಳೆದು ಒತ್ತಿ ಒಣಗಿಸಿ, ಉಜ್ಜಬೇಡಿ. ಅಲ್ಲಿ ಕೆಂಪಾಗಿ, ಉರಿಯುತ್ತಾ, ವಾಸನೆ ಬಂದರೆ ಅದು ಫಂಗಸ್ ಇರಬಹುದು. ಇಲ್ಲಿ ಒಂದು ಎಚ್ಚರಿಕೆ. ಮೆಡಿಕಲ್ ಸ್ಟೋರಿನಲ್ಲಿ 'ಹುಳುಕಡ್ಡಿಗೆ ಒಂದು ಟ್ಯೂಬ್ ಕೊಡಿ' ಅಂದರೆ ಎಷ್ಟೋ ಸಲ ಸ್ಟೆರಾಯ್ಡ್ ಬೆರೆಸಿದ ಮುಲಾಮು ಕೈಗೆ ಬರುತ್ತದೆ. ಎರಡು ದಿನ ಉರಿ ಕಮ್ಮಿಯಾಗುತ್ತದೆ, ಆಮೇಲೆ ಫಂಗಸ್ ದುಪ್ಪಟ್ಟಾಗಿ ಹರಡುತ್ತದೆ, ಚರ್ಮ ತೆಳುವಾಗುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿಯೇ ಹಚ್ಚಿ. ಗಾಯ ಆರುವ ತನಕ ಬಿಗಿಯಬೇಡಿ.

ಬೈಂಡರನ್ನು ತಣ್ಣೀರಿನಲ್ಲಿ, ಸ್ವಲ್ಪ ಸೋಪಿನಲ್ಲಿ ಕೈಯಲ್ಲೇ ಒಗೆಯಿರಿ. ಕಲ್ಲಿಗೆ ಬಡಿಯಬೇಡಿ, ಹಿಂಡಿ ತಿರುಚಬೇಡಿ, ಇಸ್ತ್ರಿ ಬೇಡ, ಬ್ಲೀಚ್ ಬೇಡ. ಎರಡು ಇದ್ದರೆ ಒಂದು ಒಣಗುವಾಗ ಇನ್ನೊಂದು ಹಾಕಬಹುದು. ಮನೆಯವರ ಕಣ್ಣಿಗೆ ಬೀಳಬಾರದು ಅಂತ ಟವೆಲ್ ಕೆಳಗೆ ಮುಚ್ಚಿ ಒಣಹಾಕಿದರೆ ಒಳಗೆ ತೇವ ಉಳಿಯುತ್ತದೆ. ಮಳೆಗಾಲದಲ್ಲಂತೂ ಬೂಸಲು ಹಿಡಿಯುತ್ತದೆ, ಮತ್ತೆ ಅದೇ ಫಂಗಸ್ ಕಥೆ. ರಾತ್ರಿ ಒಗೆದು, ಒಣ ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ರೂಮಿನಲ್ಲಿ ಹ್ಯಾಂಗರ್‌ಗೆ ಹಾಕಿ ಫ್ಯಾನ್ ಗಾಳಿಗೆ ಬಿಡಿ. ಹಿಂದಿನ ಜಾಲರಿ ಲೊಳಲೊಳ ಆದಾಗ ಹೊಸದು ಕೊಳ್ಳಿ. ಸಡಿಲ ಆಯ್ತು ಅಂತ ಪಿನ್ನು ಹಾಕಿ ಬಿಗಿಮಾಡಬೇಡಿ.

ಯಾವಾಗ ನಿಲ್ಲಿಸಬೇಕು, ಯಾರಿಗೆ ತೋರಿಸಬೇಕು

ನೆಗಡಿ, ಕೆಮ್ಮು, ಜ್ವರ ಇರುವ ದಿನ ಬೈಂಡರ್ ಬೇಡ. ಅಸ್ತಮಾ, ಹೃದಯದ ತೊಂದರೆ, ಬೆನ್ನುಮೂಳೆ ಸೊಟ್ಟ ಇರೋದು, ಹಿಂದೆ ಪಕ್ಕೆಲುಬು ಮುರಿದಿರೋದು ಇದ್ದರೆ ಶುರುಮಾಡುವ ಮುಂಚೆಯೇ ಡಾಕ್ಟರನ್ನು ಕೇಳಿ. ವಯಸ್ಸು 18ರ ಒಳಗಿದ್ದರೆ ಮೈ ಇನ್ನೂ ಬೆಳೆಯುತ್ತಿರುತ್ತದೆ. ಬಟ್ಟೆಯ ಉಪಾಯ, ಸ್ಪೋರ್ಟ್ಸ್ ಬ್ರಾ ಇಷ್ಟರಲ್ಲೇ ಇರಿ, ನಂಬಿಕೆಯ ದೊಡ್ಡವರೊಬ್ಬರ ಅಥವಾ ಡಾಕ್ಟರ್ ಜೊತೆ ಮಾತಾಡಿ ಮುಂದಿನದು ನೋಡಿ.

ಚುಚ್ಚುವ ನೋವು, ಕೈಬೆರಳು ಜುಮ್ ಅನ್ನೋದು, ತಲೆ ಸುತ್ತು, ಉಸಿರು ಸಾಲದಿರೋದು, ಯಾವುದು ಬಂದರೂ ತಕ್ಷಣ ಬಿಚ್ಚಿ. ಬಿಚ್ಚೋಕೆ ಆಗದಷ್ಟು ಸುಸ್ತಾಗಿದ್ದರೆ ಜೊತೆಯಲ್ಲಿ ಇರುವವರಿಗೆ ಕತ್ತರಿ ತಗೊಂಡು ಪಕ್ಕದಲ್ಲಿ ಕತ್ತರಿಸೋಕೆ ಹೇಳಿ, ಬೈಂಡರ್ ಹೋದರೆ ಹೋಗಲಿ. ಬಿಚ್ಚಿದ ಮೇಲೂ ಎದೆನೋವು, ಉಸಿರಾಟದ ಕಷ್ಟ ಹೋಗದಿದ್ದರೆ 108ಕ್ಕೆ ಫೋನ್ ಮಾಡಿ. ಉಸಿರೆಳೆದಾಗ, ಕೆಮ್ಮಿದಾಗ ಒಂದೇ ಜಾಗದಲ್ಲಿ ಚುಚ್ಚುವ ನೋವು ಇದ್ದರೆ ಪಕ್ಕೆಲುಬಿಗೆ ಪೆಟ್ಟಾಗಿರಬಹುದು, ಅವತ್ತೇ ತೋರಿಸಿ.

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡೂ ಸರ್ಕಾರಿ ಬೋಧನಾ ಆಸ್ಪತ್ರೆಗಳು. ಅಲ್ಲಿ ಇಡೀ ಜೀವನದ ಕಥೆ ಹೇಳಬೇಕಾಗಿಲ್ಲ. 'ಎದೆಗೆ ಬಿಗಿ ಬಟ್ಟೆ ಹಾಕುತ್ತೇನೆ, ದಿನಕ್ಕೆ ಇಷ್ಟು ಗಂಟೆ, ಇಷ್ಟು ತಿಂಗಳಿಂದ, ಇಲ್ಲಿ ನೋವು' ಇಷ್ಟು ಹೇಳಿದರೆ ಡಾಕ್ಟರಿಗೆ ಬೇಕಾದ್ದೆಲ್ಲ ಸಿಗುತ್ತದೆ. ಆದರೆ ಈ ಮಾತನ್ನು ಮುಚ್ಚಿಡಬೇಡಿ, ಮುಚ್ಚಿಟ್ಟರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಅವತ್ತು ಬೈಂಡರ್ ಹಾಕದೆ, ಮುಂದೆ ಗುಂಡಿ ಇರುವ ಅಂಗಿಯಲ್ಲಿ ಹೋಗಿ. ಎಕ್ಸ್‌ರೇ, ಇಸಿಜಿ ಹೊತ್ತಿಗೆ ಒದ್ದಾಟ ಕಡಿಮೆ. ಜೊತೆಗೆ ಒಬ್ಬರು ಇದ್ದರೆ ಒಳ್ಳೇದು. ಬೈಂಡರ್ ಇಲ್ಲದ ದಿನ ಕನ್ನಡಿ ನೋಡೋಕೇ ಆಗದಷ್ಟು ಹಿಂಸೆ ಆಗುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕಟ್ಟಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಬೈಂಡಿಂಗ್ ಮಾಡಲಿ ಬಿಡಲಿ, ತಿಂಗಳಿಗೊಮ್ಮೆ ಸ್ನಾನದ ಹೊತ್ತಲ್ಲಿ ಎದೆ, ಕಂಕುಳನ್ನು ಬೆರಳಲ್ಲಿ ಒತ್ತಿ ನೋಡಿ. ಹೊಸ ಗಂಟು, ತೊಟ್ಟಿನಿಂದ ಸ್ರಾವ ಕಂಡರೆ ಮುಂದೂಡಬೇಡಿ. ಗಂಡು ಹಾರ್ಮೋನ್ ಆದ ಟೆಸ್ಟೋಸ್ಟಿರಾನ್ ತೆಗೆದುಕೊಂಡರೆ ಎದೆ ತಾನಾಗಿಯೇ ಹೋಗುತ್ತದೆ ಅಂತ ಕಾಯುವವರಿದ್ದಾರೆ. ಸ್ವಲ್ಪ ಮೆತ್ತಗಾಗಬಹುದು ಅಷ್ಟೇ, ಹೋಗೋದಿಲ್ಲ. ಮುಂದೆ ಎದೆಯ ಆಪರೇಷನ್ ಮಾಡಿಸುವ ಯೋಚನೆ ಇದ್ದರೆ ಎಷ್ಟು ವರ್ಷದಿಂದ, ಹೇಗೆ ಬಿಗಿಯುತ್ತಿದ್ದೀರಿ ಅಂತ ಸರ್ಜನ್‌ಗೆ ಹೇಳಿ, ಚರ್ಮದ ಸ್ಥಿತಿ ನೋಡೋಕೆ ಅದು ಬೇಕಾಗುತ್ತದೆ. ಆಪರೇಷನ್ ಆದಮೇಲೆ ಅವರು ಹೇಳಿದ ಬಿಗಿ ಬನಿಯನ್ನನ್ನೇ, ಅವರು ಹೇಳಿದಷ್ಟು ದಿನ ಹಾಕಿ. ಹಳೆ ಬೈಂಡರ್ ಆ ಗಾಯದ ಮೇಲೆ ಬೇಡ.